ತಾಮ್ರದ ತಂತಿಯಲ್ಲೊಂದು ಬದುಕು

ಬೇಸಿಗೆ ಕಾಲಿಟ್ಟಿತೆಂದರೆ ಹಾಸನ, ಹೊಳೆನರಸೀಪುರ, ಅರಕಲಗೂಡು, ಚನ್ನರಾಯಪಟ್ಟಣ ಈ ನಾಲ್ಕೂ ಪಟ್ಟಣಗಳ ಪೇಟೆಬೀದಿಗಳಲ್ಲಿ ಒಂದು ದೃಶ್ಯ ಸರ್ವೇಸಾಮಾನ್ಯ. ಕೊಳವೆಬಾವಿಯಿಂದ ಮೇಲೆತ್ತಿದ, ಇನ್ನೂ ಕೆಸರು ಆರದ ಮೋಟಾರೊಂದನ್ನು ಟ್ರ್ಯಾಕ್ಟರಿನಲ್ಲೋ, ಗೂಡ್ಸ್ ಆಟೋದಲ್ಲೋ ಹೇರಿಕೊಂಡು ಬಂದ ರೈತ ಅದನ್ನು 'ವೈಂಡಿಂಗ್ ಅಂಗಡಿ'ಯ ಮುಂದೆ ಇಳಿಸುತ್ತಾನೆ. ಅವನ ಮೊದಲ ಪ್ರಶ್ನೆ 'ಎಷ್ಟಾಗುತ್ತದೆ?' ಎಂಬುದಲ್ಲ, 'ಯಾವಾಗ ಕೊಡುತ್ತೀರಿ?' ಎಂಬುದು. ಏಕೆಂದರೆ ಅವನ ಹಿಂದೆ ನೀರಿಲ್ಲದೆ ನಿಂತ ತೆಂಗಿನ ತೋಟವಿದೆ, ತೊಟ್ಟಿಯ ಮುಂದೆ ಕಾದಿರುವ ದನಕರುಗಳಿವೆ. ಅಂಗಡಿಯೊಳಗೆ, ಕಟ್ಟಿಗೆಯ ಮೇಜಿನ ಮುಂದೆ ಕುಳಿತ ಮನುಷ್ಯನ ಎರಡು ಕೈಗಳ ಮೇಲೆ ಅಂದು ಆ ಸಂಸಾರದ ಭರವಸೆಯೆಲ್ಲ ನಿಂತಿರುತ್ತದೆ.

ಆದರೂ ನಮ್ಮ ಮನೆಗಳಲ್ಲಿ ಮಗನ ಭವಿಷ್ಯದ ಮಾತು ಬಂದಾಗ ಈ ಕೈಗಳ ನೆನಪು ಯಾರಿಗೂ ಆಗುವುದಿಲ್ಲ. ಹತ್ತನೆಯ ತರಗತಿಯಲ್ಲಿ ಉತ್ತಮ ಅಂಕ ಬಂದರೆ ವೈದ್ಯ, ಇಂಜಿನಿಯರ್, ಸಾಧಾರಣವಾದರೆ ಬಿ.ಎ., ಬಿ.ಕಾಂ.; ಅದೂ ಆಗದಿದ್ದರೆ ಬೆಂಗಳೂರಿನ ಯಾವುದೋ ಕಾರ್ಖಾನೆಯ ಬಾಗಿಲಿನಲ್ಲಿ ಗುತ್ತಿಗೆಯ ಕೂಲಿ. ಮೂರು ತಲೆಮಾರು ಹಂಚಿಕೊಂಡು ಎರಡೋ ಮೂರೋ ಎಕರೆಗೆ ಇಳಿದ ಜಮೀನು ಇನ್ನೊಂದು ಸಂಸಾರವನ್ನು ಹೊರಲಾರದು ಎಂಬುದು ತಂದೆತಾಯಿಯರಿಗೆ ಗೊತ್ತು. ಗೊತ್ತಿದ್ದೂ ಊರಿನಿಂದ ಹತ್ತು ಮೈಲಿಯೊಳಗೇ ಇರುವ, ಕಲಿತವನಿಗೆ ವರ್ಷವಿಡೀ ಕೆಲಸ ಕೊಡಬಲ್ಲ ಕಸುಬು ಅವರ ಕಣ್ಣಿಗೆ ಬೀಳದು. ಈ ಲೇಖನದ ಉದ್ದೇಶ ಆ ಕಸುಬನ್ನು ಒಳಗಿನಿಂದ ಪರಿಚಯಿಸುವುದು. ಅದರ ಲಾಭವನ್ನಷ್ಟೇ ಅಲ್ಲ, ಕಷ್ಟವನ್ನೂ ಹೇಳದೆ ಬಿಡುವುದು ಸರಿಯಲ್ಲ.

ಸುಟ್ಟ ಸುರುಳಿಯನ್ನು ಓದುವ ವಿದ್ಯೆ

ಮೋಟಾರಿನ ಒಳಗೆ ಎರಡು ಮುಖ್ಯ ಭಾಗಗಳು. ಸ್ಥಿರವಾಗಿ ನಿಲ್ಲುವ ಸ್ಟೇಟರ್, ಅದರೊಳಗೆ ತಿರುಗುವ ರೋಟರ್. ತೆಳುವಾದ ಉಕ್ಕಿನ ತಗಡುಗಳನ್ನು ಒಂದರ ಮೇಲೊಂದು ಜೋಡಿಸಿ ಮಾಡಿದ ಸ್ಟೇಟರಿನ ಒಳಮೈಯಲ್ಲಿ ಉದ್ದುದ್ದ ಗಾಡಿಗಳಿರುತ್ತವೆ. ನಮ್ಮ ಕೊಳವೆಬಾವಿಗಳ ಮೋಟಾರುಗಳಲ್ಲಿ ಸಾಮಾನ್ಯವಾಗಿ 24. ಈ ಗಾಡಿಗಳಲ್ಲಿ ಲೆಕ್ಕವಿಟ್ಟು ಸುತ್ತಿದ ತಾಮ್ರದ ಸುರುಳಿಗಳೇ ಮೋಟಾರಿನ ಪ್ರಾಣ. ಮೂರು ಫೇಸಿನ ವಿದ್ಯುತ್ತು ಮೂರು ಗುಂಪು ಸುರುಳಿಗಳಲ್ಲಿ ಒಂದರ ಹಿಂದೊಂದರಂತೆ ಹರಿದಾಗ ಒಂದು ಕಾಂತಕ್ಷೇತ್ರ ಸುತ್ತತೊಡಗುತ್ತದೆ. ಎರಡು ಧ್ರುವಗಳ ಮೋಟಾರಿನಲ್ಲಿ ಅದು ನಿಮಿಷಕ್ಕೆ 3000 ಸುತ್ತು. ರೋಟರ್ ಅದರ ಬೆನ್ನು ಹತ್ತಿ, ಭಾರಕ್ಕೆ ತಕ್ಕಂತೆ ಸ್ವಲ್ಪ ಹಿಂದುಳಿದು, ತಿರುಗುತ್ತದೆ. ಸುರುಳಿಯ ಒಂದೇ ಒಂದು ಸುತ್ತಿನಲ್ಲಿ ಹೊದಿಕೆ ಸುಲಿದು ತಾಮ್ರ ತಾಮ್ರವನ್ನು ಮುಟ್ಟಿದರೆ ಸಾಕು, ಕೆಲವು ನಿಮಿಷಗಳಲ್ಲಿ ಎಲ್ಲವೂ ಭಸ್ಮ.

ಅನುಭವಿಯಾದ ವೈಂಡರ್ ಮೋಟಾರನ್ನು ಬಿಚ್ಚಿದೊಡನೆ ಸುರುಳಿಗಳನ್ನು ಕತ್ತರಿಸಲು ಕೈಹಾಕುವುದಿಲ್ಲ; ಮೊದಲು ನೋಡುತ್ತಾನೆ. ಸುರುಳಿಗಳೆಲ್ಲ ಒಂದೇ ಸಮನೆ ಕಪ್ಪಾಗಿದ್ದರೆ ಮೋಟಾರು ತನ್ನ ಶಕ್ತಿಗೆ ಮೀರಿದ ಭಾರವನ್ನು ಎಳೆದಿದೆ, ಅಥವಾ ವೋಲ್ಟೇಜು ಬಹಳ ಇಳಿದಿದ್ದಾಗ ಓಡಿದೆ ಎಂದು ಅರ್ಥ. ಒಂದೇ ಜಾಗದಲ್ಲಿ ಮಾತ್ರ ಸುಟ್ಟು ಉಳಿದದ್ದು ಹೊಸದರಂತಿದ್ದರೆ ಸುತ್ತುಗಳ ನಡುವೆ ಹೊದಿಕೆ ಒಡೆದಿದೆ. ಸುಟ್ಟ ಗುಂಪುಗಳ ನಡುವೆ ಸುಡದ ಗುಂಪುಗಳು ಅಂದವಾಗಿ, ಸಮಾನ ಅಂತರದಲ್ಲಿ ಕಂಡರೆ, ಅದು 'ಸಿಂಗಲ್ ಫೇಸಿಂಗ್'. ಓಡುತ್ತಿರುವಾಗಲೇ ಮೂರರಲ್ಲೊಂದು ಫೇಸು ಕಡಿದುಹೋಗಿ, ಉಳಿದೆರಡರ ಮೇಲೆ ಭಾರವೆಲ್ಲ ಬಿದ್ದು, ಅವುಗಳಲ್ಲಿ ಹೆಚ್ಚುಕಡಿಮೆ ಒಂದೂಮುಕ್ಕಾಲು ಪಟ್ಟು ವಿದ್ಯುತ್ತು ಹರಿದಿದೆ. ಸುರುಳಿಗಳನ್ನು ಸ್ಟಾರ್ ಕ್ರಮದಲ್ಲಿ ಜೋಡಿಸಿದ್ದರೆ ಎರಡು ಫೇಸಿನ ಸುರುಳಿಗಳು ಸುಟ್ಟು ಒಂದು ಉಳಿಯುತ್ತದೆ. ಡೆಲ್ಟಾ ಕ್ರಮದಲ್ಲಿದ್ದರೆ ಒಂದು ಸುಟ್ಟು ಎರಡು ಉಳಿಯುತ್ತವೆ. ಹೊಲದಲ್ಲಿ ನಡೆದದ್ದನ್ನು ಅಂಗಡಿಯಲ್ಲಿ ಕುಳಿತು ಹೀಗೆ ಓದಿ ಹೇಳಬಲ್ಲವನು ಬರಿಯ ಕೂಲಿಕಾರನಲ್ಲ. 'ಮೋಟಾರು ಸುತ್ತಿಕೊಡುತ್ತೇನೆ, ಆದರೆ ಸ್ಟಾರ್ಟರಿನ ಓವರ್‌ಲೋಡ್ ರಿಲೇ ಸರಿಮಾಡಿಸದಿದ್ದರೆ ಮುಂದಿನ ತಿಂಗಳು ಇದನ್ನೇ ಮತ್ತೆ ತರುತ್ತೀರಿ' ಎಂದು ಹೇಳುವ ವೈಂಡರ್ ತನ್ನ ಒಂದು ವ್ಯಾಪಾರವನ್ನು ಕಳೆದುಕೊಂಡಂತೆ ಕಂಡರೂ ಆ ಊರಿನ ಹತ್ತು ಮನೆಗಳ ವ್ಯಾಪಾರವನ್ನು ಗಳಿಸಿರುತ್ತಾನೆ.

ನೋಡಿದ ಮೇಲೆ ಬರೆದುಕೊಳ್ಳುವುದು. ಒಂದು ಸುರುಳಿಯಲ್ಲಿ ಎಷ್ಟು ಸುತ್ತು, ತಂತಿಯ ದಪ್ಪ ಎಷ್ಟು, ಒಂದು ಸುರುಳಿ ಯಾವ ಗಾಡಿಯಿಂದ ಯಾವ ಗಾಡಿಗೆ ಹಾಯುತ್ತದೆ, ಕೊನೆಗಳನ್ನು ಹೇಗೆ ಜೋಡಿಸಿದೆ – ಇವೆಲ್ಲ ಒಂದು ನೋಟ್‌ಪುಸ್ತಕದಲ್ಲಿ ದಾಖಲಾಗಬೇಕು. ಹಳೆಯ ವೈಂಡರುಗಳ ಬಳಿ ಎಣ್ಣೆ ಜಿಡ್ಡಿನ ಇಂತಹ ಪುಸ್ತಕಗಳಿರುತ್ತವೆ. ಕಂಪನಿ, ಅಶ್ವಶಕ್ತಿ, ಗಾಡಿಗಳ ಸಂಖ್ಯೆ, ಸುತ್ತು, ಗೇಜು ಎಂದು ವರ್ಷಾನುಗಟ್ಟಲೆ ಕೂಡಿಟ್ಟ ಲೆಕ್ಕ. ತಿಜೋರಿಯಲ್ಲಿಡಬೇಕಾದ ಆಸ್ತಿ ಅದು ಎಂದರೆ ಉತ್ಪ್ರೇಕ್ಷೆಯಲ್ಲ.

ಅನಂತರ ಹಳೆಯ ತಂತಿಯನ್ನು ತೆಗೆಯುವ ಕೆಲಸ. ಇಲ್ಲಿ ನಮ್ಮ ಬಹುತೇಕ ಅಂಗಡಿಗಳ ಪದ್ಧತಿಯನ್ನು ಒಪ್ಪಲಾಗದು. ಸೀಮೆಎಣ್ಣೆಯನ್ನೋ ಡೀಸೆಲನ್ನೋ ಸುರಿದು, ಅಂಗಡಿಯ ಹಿಂದೆ ಬೆಂಕಿಯಿಟ್ಟು ಸುಡುವುದು ಸುಲಭದ ದಾರಿ. ಆದರೆ ಸ್ಟೇಟರಿನ ಪ್ರತಿ ತಗಡಿನ ಮೇಲೂ ತೆಳುವಾದ ನಿರೋಧಕ ಲೇಪವಿರುತ್ತದೆ. ಅಳತೆಯಿಲ್ಲದ ಉರಿಯಲ್ಲಿ ಆ ಲೇಪ ಸುಟ್ಟರೆ ತಗಡುಗಳು ಒಂದಕ್ಕೊಂದು ಬೆಸೆದಂತಾಗಿ, ಮೋಟಾರು ಮುಂದೆ ಎಷ್ಟು ಚೆನ್ನಾಗಿ ಸುತ್ತಿಸಿಕೊಂಡರೂ ಮೈ ಕಾಯುವುದು ತಪ್ಪುವುದಿಲ್ಲ. 'ಒಮ್ಮೆ ಸುಟ್ಟ ಮೋಟಾರು ಮತ್ತೆ ಮತ್ತೆ ಸುಡುತ್ತದೆ' ಎಂಬ ರೈತರ ಮಾತಿಗೆ ವಿಧಿಯಲ್ಲ, ಈ ಬೆಂಕಿಯೇ ಬಹುಮಟ್ಟಿಗೆ ಕಾರಣ. ಉಷ್ಣತೆಯನ್ನು ಸುಮಾರು 350 ಡಿಗ್ರಿ ಸೆಲ್ಸಿಯಸ್ಸಿನ ಆಸುಪಾಸಿನಲ್ಲಿ ಹತೋಟಿಯಲ್ಲಿಡುವ ಒಲೆ ಇದಕ್ಕೆ ಸರಿಯಾದ ಉಪಾಯ. ಇನ್ನು ಪಿ.ವಿ.ಸಿ. ಹೊದಿಕೆಯ ತಂತಿಯನ್ನು ಸುಟ್ಟಾಗ ಏಳುವ ಹೊಗೆಯಲ್ಲಿ ಹೈಡ್ರೋಜನ್ ಕ್ಲೋರೈಡ್ ಇರುತ್ತದೆ. ಶ್ವಾಸಕೋಶಕ್ಕೆ ಅದು ನೇರವಾದ ವಿಷ. ಕೆಲಸ ಕಲಿಯಲು ಬಂದ ಹದಿನೆಂಟರ ಹುಡುಗನನ್ನು ಆ ಹೊಗೆಯಲ್ಲಿ ನಿಲ್ಲಿಸುವ ಯಜಮಾನನ ಬಳಿಗೆ ಮಕ್ಕಳನ್ನು ಕಳುಹಿಸಬಾರದು.

ಹೊಸ ಸುರುಳಿ ಹಾಕುವುದರಲ್ಲಿ ಎರಡು ರೀತಿ. ಮೇಲ್ಮೈಯ ಮೋಟಾರಿಗೆ ಎನಾಮಲ್ ಲೇಪದ ತಂತಿಯನ್ನು ಅಚ್ಚಿನ ಮೇಲೆ ಸುತ್ತಿ, ಗಾಡಿಯಲ್ಲಿ ನಿರೋಧಕ ಕಾಗದ ಹಾಸಿ, ಸುರುಳಿ ಇಳಿಸಿ, ಬಿದಿರಿನದೋ ಫೈಬರಿನದೋ ಬೆಣೆ ಹೊಡೆದು, ವಾರ್ನಿಷಿನಲ್ಲಿ ಅದ್ದಿ ಒಣಗಿಸುತ್ತಾರೆ. ನೀರು ತುಂಬಿಸಿ ಓಡಿಸುವ ಸಬ್‌ಮರ್ಸಿಬಲ್ ಮೋಟಾರಿನದು ಬೇರೆಯೇ ಕಥೆ. ಅಲ್ಲಿ ತಂತಿಗೆ ದಪ್ಪ ಪ್ಲಾಸ್ಟಿಕ್ ಹೊದಿಕೆ, ವಾರ್ನಿಷಿನ ಮಾತಿಲ್ಲ. ಉದ್ದನೆಯ ಸ್ಟೇಟರಿನ ಆ ತುದಿಯಿಂದ ಈ ತುದಿಗೆ ತಂತಿಯನ್ನು ಒಂದೊಂದೇ ಸುತ್ತಾಗಿ, ಹೊದಿಕೆಗೆ ಉಗುರಿನಷ್ಟು ಗೀರೂ ಬೀಳದಂತೆ ಕೈಯಿಂದಲೇ ಎಳೆಯಬೇಕು. ಒಬ್ಬ ಒಳ್ಳೆಯ ಕೆಲಸಗಾರನಿಗೂ ಇಡೀ ದಿನ ಹಿಡಿಯುವ ಕೆಲಸ. ಎಲ್ಲ ಮುಗಿದ ಮೇಲೆ ಮೆಗ್ಗರ್ ಎಂಬ ಉಪಕರಣದಿಂದ ನಿರೋಧವನ್ನು ಅಳೆದು, ಬರಿಮೋಟಾರನ್ನು ಓಡಿಸಿ, ಮೂರೂ ಫೇಸುಗಳ ಆಂಪಿಯರ್ ಸಮನಾಗಿದೆಯೇ ಎಂದು ನೋಡಿಯೇ ರೈತನ ಕೈಗೆ ಒಪ್ಪಿಸಬೇಕು. ಬಾವಿಗೆ ಇಳಿಸುವ ಮುನ್ನ ಮೋಟಾರಿನೊಳಗೆ ಶುದ್ಧವಾದ ನೀರು ತುಂಬಲು ಮರೆತರೆ ಇಷ್ಟೂ ಶ್ರಮ ಮಣ್ಣುಪಾಲು ಎಂಬುದನ್ನೂ ಅವನಿಗೆ ತಿಳಿಹೇಳಬೇಕು.

ಗೇಜಿನಲ್ಲಿ ಅಡಗಿದ ಸತ್ಯ

ಈ ಕಸುಬಿನಲ್ಲಿ ಮೋಸ ಮಾಡುವುದು ಸುಲಭ, ಕಂಡುಹಿಡಿಯುವುದು ಕಷ್ಟ. ಸುತ್ತಿ ಮುಚ್ಚಿದ ಮೋಟಾರಿನೊಳಗೆ ಯಾವ ತಂತಿ ಇದೆ ಎಂದು ಯಾರು ನೋಡಬಲ್ಲರು? 18ನೆಯ ಗೇಜಿನ ತಂತಿ 1.22 ಮಿಲಿಮೀಟರ್ ದಪ್ಪ; 19ನೆಯ ಗೇಜು 1.02 ಮಿಲಿಮೀಟರ್. ಕಣ್ಣಿಗೆ ವ್ಯತ್ಯಾಸವೇ ಕಾಣದು. ಆದರೆ ಅಡ್ಡಕೊಯ್ತದ ವಿಸ್ತೀರ್ಣದ ಲೆಕ್ಕ ಹಾಕಿದರೆ ಎರಡನೆಯದರಲ್ಲಿ ತಾಮ್ರ ನೂರಕ್ಕೆ ಮೂವತ್ತರಷ್ಟು ಕಡಿಮೆ! ಅದೇ ವಿದ್ಯುತ್ತು ಅದರೊಳಗೆ ಹರಿದಾಗ ಕಾವು ಹೆಚ್ಚುಕಡಿಮೆ ಒಂದೂವರೆ ಪಟ್ಟು. ಮೋಟಾರು ಅಂದೇ ಸುಡುವುದಿಲ್ಲ. ಬಿಸಿಲು ಏರಿದ ಏಪ್ರಿಲಿನಲ್ಲೋ ಮೇನಲ್ಲೋ, ವೋಲ್ಟೇಜು ಕುಸಿದ ಒಂದು ರಾತ್ರಿ ಸುಡುತ್ತದೆ. ರೈತ ವಿದ್ಯುತ್ ಮಂಡಳಿಯನ್ನು ಬೈದು ಮತ್ತೆ ಅದೇ ಅಂಗಡಿಗೆ ಬರುತ್ತಾನೆ. ತಾಮ್ರದ ಬದಲು ಅಲ್ಯೂಮಿನಿಯಂ ಸುತ್ತುವವರೂ ಇದ್ದಾರೆ; ಅದರ ವಾಹಕತೆ ತಾಮ್ರದ ಶೇಕಡ 61ರಷ್ಟು ಮಾತ್ರ.

ಇಂತಹ ಪ್ರಲೋಭನೆ ಏಕೆ ಬರುತ್ತದೆ ಎಂಬುದನ್ನೂ ನ್ಯಾಯವಾಗಿ ನೋಡಬೇಕು. ಅರಕಲಗೂಡಿನ ಅಂಗಡಿಯ ತಾಮ್ರದ ದರ ನಿಶ್ಚಯವಾಗುವುದು ಲಂಡನ್ನಿನ ಲೋಹ ವಿನಿಮಯ ಕೇಂದ್ರದಲ್ಲಿ. ಈ ಶತಮಾನದ ಆರಂಭದಲ್ಲಿ ಟನ್ನಿಗೆ ಎರಡು ಸಾವಿರ ಡಾಲರಿಗೂ ಕೆಳಗಿದ್ದ ತಾಮ್ರ 2006ರ ಮೇ ತಿಂಗಳಲ್ಲಿ ಎಂಟು ಸಾವಿರ ದಾಟಿತು. 2024ರ ಮೇ ತಿಂಗಳಲ್ಲಿ ಹತ್ತು ಸಾವಿರದ ಗಡಿಯನ್ನೂ ಮೀರಿತು. ರೈತನಿಗೆ ಹೋದ ವರ್ಷ ಹೇಳಿದ ದರವನ್ನೇ ಈ ವರ್ಷವೂ ಹೇಳದಿದ್ದರೆ ಅವನು ಎದುರು ಅಂಗಡಿಗೆ ಹೋಗುತ್ತಾನೆ. ಹೇಳಿದರೆ ಮಜೂರಿಯೇ ಉಳಿಯದು. ಆಗ ಒಂದು ಗೇಜು ಇಳಿಸುವ ಬುದ್ಧಿ ಹುಟ್ಟುತ್ತದೆ. ಇದಕ್ಕೆ ಪ್ರಾಮಾಣಿಕ ವೈಂಡರುಗಳು ಕಂಡುಕೊಂಡ ದಾರಿ ಸರಳವಾದದ್ದು. ರೈತನ ಎದುರಿನಲ್ಲೇ ಹಳೆಯ ತಾಮ್ರವನ್ನು ತೂಗಿ ಕೊಡುವುದು ಅಥವಾ ದರ ಕಟ್ಟಿ ಲೆಕ್ಕಕ್ಕೆ ಹಿಡಿಯುವುದು, ಹೊಸ ತಂತಿಯನ್ನೂ ಅವನೆದುರಿಗೇ ತೂಗುವುದು, ತಂತಿಯ ಅಂದಿನ ದರವನ್ನು ಹಲಗೆಯ ಮೇಲೆ ಬರೆದು ಮಜೂರಿಯನ್ನು ಬೇರೆಯಾಗಿ ಹೇಳುವುದು. ಹೀಗೆ ಮಾಡಿದವನಿಗೆ ಲಂಡನ್ನಿನ ಏರಿಳಿತದ ಭಯವಿಲ್ಲ. ತಾಮ್ರ ರೈತನದು, ಕೈಚಳಕ ತನ್ನದು.

ನಾಲ್ಕು ಊರು, ನಾಲ್ಕು ಋತು

ಹೊರಗಿನಿಂದ ನೋಡುವವರಿಗೆ ಈ ನಾಲ್ಕು ತಾಲ್ಲೂಕುಗಳು ಒಂದೇ ಜಿಲ್ಲೆಯ ಒಂದೇ ಬಗೆಯ ಸೀಮೆಗಳು. ಕಸುಬುದಾರನ ಪಂಚಾಂಗದಲ್ಲಿ ಹಾಗಲ್ಲ.

ಚನ್ನರಾಯಪಟ್ಟಣ ತೆಂಗಿನ ನಾಡು. ಹೇಮಾವತಿಯ ಎಡದಂಡೆ ನಾಲೆ ಈ ತಾಲ್ಲೂಕಿನ ಮೂಲಕ, ಬಾಗೂರು–ನವಿಲೆ ಸುರಂಗವನ್ನು ಹಾದು ತುಮಕೂರು ಸೀಮೆಗೆ ಹರಿಯುತ್ತದಾದರೂ ತೋಟಗಳಲ್ಲಿ ಬಹುಪಾಲು ನಂಬಿರುವುದು ಕೊಳವೆಬಾವಿಯನ್ನೇ. ಇಲ್ಲಿ ಫೆಬ್ರವರಿಯಿಂದ ಮುಂಗಾರು ಹಿಡಿಯುವವರೆಗೆ ವೈಂಡರಿಗೆ ಊಟಕ್ಕೂ ಬಿಡುವಿಲ್ಲ. ಅಂತರ್ಜಲ ಇಳಿದಂತೆ ಪಂಪು ಒಣಗಿ ಓಡುತ್ತದೆ, ವೋಲ್ಟೇಜು ಇಳಿಯುತ್ತದೆ, ಮೂರು ಫೇಸು ಸಿಗುವ ಕೆಲವೇ ಗಂಟೆಗಳಲ್ಲಿ ಊರಿನ ಮೋಟಾರುಗಳೆಲ್ಲ ಒಮ್ಮೆಗೇ ಚಾಲೂ ಆಗುತ್ತವೆ. ಜೂನಿನಲ್ಲಿ ಮಳೆ ಹಿಡಿದೊಡನೆ ಅಂಗಡಿ ಭಣಭಣ. ಐದು ತಿಂಗಳಲ್ಲಿ ದುಡಿದು ಹನ್ನೆರಡು ತಿಂಗಳು ಉಣ್ಣುವ ಲೆಕ್ಕಾಚಾರ ತಿಳಿಯದ ಎಷ್ಟೋ ಕೈಚಳಕದ ಯುವಕರು ಶ್ರಾವಣಮಾಸದಲ್ಲಿ ಅಂಗಡಿಗೆ ಬೀಗ ಹಾಕಿದ್ದುಂಟು.

ಅರಕಲಗೂಡಿನ ಕಡೆ, ಕೊಣನೂರು, ರಾಮನಾಥಪುರದ ಸುತ್ತ ಹೊಗೆಸೊಪ್ಪು ಬೆಳೆಯುತ್ತದೆ. ರಾಮನಾಥಪುರದಲ್ಲಿ ತಂಬಾಕು ಮಂಡಳಿಯ ಹರಾಜು ಮಾರುಕಟ್ಟೆಯಿದೆ. ಮಳೆಗಾಲದಲ್ಲಿ ಮೋಟಾರು ಸುಡದಿದ್ದರೂ ಸೊಪ್ಪು ಹದಮಾಡುವ ಬ್ಯಾರನ್ನುಗಳಿಗೆ ತಗಡಿನ ಹೊಗೆಕೊಳವೆ ಬೇಕು, ವೆಲ್ಡಿಂಗ್ ಬೇಕು. ಸುತ್ತುವ ಕೈಯೇ ಬೆಸೆಯುವುದನ್ನೂ ಕಲಿತಿದ್ದರೆ ಆಷಾಢವೂ ಹಸಿರು.

ಹೊಳೆನರಸೀಪುರ ಹೇಮಾವತಿಯ ದಡದ ಊರು, ಕಾಲುವೆಯ ಆಶ್ರಯ ಹೆಚ್ಚು. ಅಲ್ಲಿ ಹೊಲದ ಮೋಟಾರುಗಳ ಜೊತೆಗೆ ಅಕ್ಕಿ ಗಿರಣಿ, ಹಿಟ್ಟಿನ ಗಿರಣಿಗಳ ಕೆಲಸ. ಗಿರಣಿಯ ಮಾಲೀಕ ದರಕ್ಕೆ ಚೌಕಾಶಿ ಮಾಡುವುದು ಕಡಿಮೆ, ಹೊತ್ತಿಗೆ ಮಾಡುವುದು ಹೆಚ್ಚು. ಒಂದು ದಿನ ಗಿರಣಿ ನಿಂತರೆ ಅವನ ನಷ್ಟ ವೈಂಡಿಂಗಿನ ಬಾಬತ್ತಿಗಿಂತ ದೊಡ್ಡದು.

ಹಾಸನದ್ದು ಇನ್ನೊಂದು ಬಗೆ. ಆಲೂರು, ಸಕಲೇಶಪುರ, ಬೇಲೂರು ಕಡೆಯ ಕಾಫಿ ತೋಟಗಳ ಪಲ್ಪರುಗಳು ನವೆಂಬರಿನಿಂದ ಓಡತೊಡಗುತ್ತವೆ. ಹಣ್ಣು ಕೊಯ್ದ ದಿನವೇ ಸಿಪ್ಪೆ ಬಿಡಿಸದಿದ್ದರೆ ಕಾಫಿ ಹುಳಿಯುತ್ತದೆ. ಆದ್ದರಿಂದ ಪಲ್ಪರಿನ ಮೋಟಾರು ಕೆಟ್ಟರೆ ರಾತ್ರಿಯೇ ಜೀಪು ಹಾಸನಕ್ಕೆ ಇಳಿಯುತ್ತದೆ. ಫೆಬ್ರವರಿ, ಮಾರ್ಚಿನಲ್ಲಿ ರೋಬಸ್ಟಾ ಹೂ ಬಿಡಿಸಲು ತುಂತುರು ನೀರಾವರಿ. ಆಗ ಪಂಪು ಕೈಕೊಟ್ಟರೆ ಒಂದು ವರ್ಷದ ಫಸಲಿಗೇ ಏಟು. ಮಳೆಗಾಲದಲ್ಲಿ ನಗರದ ಆಸ್ಪತ್ರೆ, ಕಲ್ಯಾಣಮಂಟಪ, ವಸತಿ ಸಂಕೀರ್ಣಗಳ ಪಂಪು, ಲಿಫ್ಟು, ಜನರೇಟರು. ಬಂಡವಾಳ, ಬಾಡಿಗೆ ಹೆಚ್ಚಾದರೂ ವರ್ಷದ ಹನ್ನೆರಡು ತಿಂಗಳೂ ಕೆಲಸ ಹಂಚಿಕೊಂಡು ಬರುವುದು ಇಲ್ಲಿ ಮಾತ್ರ. ಚಿಕ್ಕ ಊರಿನಲ್ಲಿ ಹೆಸರು ಬೇಗ ಬರುತ್ತದೆ, ದೊಡ್ಡ ಊರಿನಲ್ಲಿ ಕೆಲಸ ಬಿಡದೆ ಬರುತ್ತದೆ. ನಮ್ಮ ಅಭಿಪ್ರಾಯ ಕೇಳುವುದಾದರೆ ಹಾಸನದಲ್ಲಿ ಕಲಿತು ತಾಲ್ಲೂಕಿನಲ್ಲಿ ಅಂಗಡಿ ತೆರೆಯುವುದೇ ಉಚಿತ.

ಎಲ್ಲಿ ಕಲಿಯಬೇಕು?

ಹತ್ತನೆಯ ತರಗತಿ ಪಾಸಾದವರಿಗೆ ಐ.ಟಿ.ಐ.ಯ ಎಲೆಕ್ಟ್ರಿಷಿಯನ್ ವಿಭಾಗ ಎರಡು ವರ್ಷದ ವ್ಯಾಸಂಗ. ಕುಶಲಕರ್ಮಿಗಳ ಈ ತರಬೇತಿ ಯೋಜನೆ ದೇಶದಲ್ಲಿ 1950ರಷ್ಟು ಹಿಂದಿನದು. ಅನಂತರ 1961ರ ಅಪ್ರೆಂಟಿಸ್ ಕಾಯಿದೆಯಂತೆ ಕಾರ್ಖಾನೆಯೊಂದರಲ್ಲಿ ವೇತನಸಹಿತ ಶಿಶಿಕ್ಷು ತರಬೇತಿ. ಇದನ್ನು ಬಿಡಬಾರದು. ಐ.ಟಿ.ಐ.ಯಲ್ಲಿ ತತ್ತ್ವ ತಿಳಿಯುತ್ತದೆ, ಕೈ ಪಳಗುವುದು ಅದರಿಂದಾಚೆ.

ಎರಡು ವರ್ಷ ಕೊಡಲಾಗದವರಿಗೆ ಬೇರೊಂದು ಮಾರ್ಗವಿದೆ, ಮತ್ತು ಅದು ಕನ್ನಡನಾಡಿನಲ್ಲೇ ಹುಟ್ಟಿದ್ದು. ಧರ್ಮಸ್ಥಳದ ಡಾ. ವೀರೇಂದ್ರ ಹೆಗ್ಗಡೆಯವರು ಸಿಂಡಿಕೇಟ್ ಬ್ಯಾಂಕ್ ಮತ್ತು ಕೆನರಾ ಬ್ಯಾಂಕುಗಳ ಸಹಯೋಗದಲ್ಲಿ 1982ರಲ್ಲಿ ಉಜಿರೆಯಲ್ಲಿ ಆರಂಭಿಸಿದ ರುಡ್‌ಸೆಟ್ ಸಂಸ್ಥೆ ಗ್ರಾಮೀಣ ಯುವಜನರಿಗೆ ಊಟ, ವಸತಿ ಸಹಿತವಾಗಿ ಉಚಿತ ಅಲ್ಪಾವಧಿ ತರಬೇತಿ ಕೊಡುವ ಪದ್ಧತಿಯನ್ನು ತೋರಿಸಿಕೊಟ್ಟಿತು. ಮೋಟಾರು ರಿವೈಂಡಿಂಗ್ ಮತ್ತು ಪಂಪ್‌ಸೆಟ್ ದುರಸ್ತಿ ಅಲ್ಲಿನ ತರಬೇತಿಗಳಲ್ಲೊಂದು. ಅದೇ ಮಾದರಿಯನ್ನು ಕೇಂದ್ರ ಸರ್ಕಾರ 2009ರಲ್ಲಿ ಸ್ವೀಕರಿಸಿ, ಬ್ಯಾಂಕುಗಳ ಹೊಣೆಯಲ್ಲಿ ಜಿಲ್ಲೆಗೊಂದು ಸ್ವಯಂ ಉದ್ಯೋಗ ತರಬೇತಿ ಸಂಸ್ಥೆ ಇರಬೇಕೆಂದು ವಿಧಿಸಿತು. ಅಲ್ಲಿ ಕಸುಬಿನ ಜೊತೆಗೆ ಲೆಕ್ಕ ಬರೆಯುವುದು, ಬ್ಯಾಂಕಿಗೆ ಯೋಜನಾವರದಿ ಕೊಡುವುದು, ಗಿರಾಕಿಯೊಡನೆ ಮಾತಾಡುವುದು ಇವನ್ನೂ ಕಲಿಸುತ್ತಾರೆ. ತಿಂಗಳೊಂದರ ತರಬೇತಿಯಿಂದ ಯಾರೂ ಪೂರ್ಣ ವೈಂಡರ್ ಆಗುವುದಿಲ್ಲ. ನುರಿತವನೊಬ್ಬನ ಕೈಕೆಳಗೆ ಎರಡು ಬೇಸಿಗೆಗಳನ್ನಾದರೂ ಕಳೆಯಬೇಕು. ಮೊದಲ ವರ್ಷ ತಂತಿ ಸುಲಿಯುವುದು, ಬೇರಿಂಗು ಬಡಿಯುವುದು, ಅಂಗಡಿ ಗುಡಿಸುವುದೇ ಆಗಬಹುದು.

ಕೀರ್ಲೋಸ್ಕರ್ ಎಂಬ ಹೆಸರು ನಮ್ಮ ರೈತರಿಗೆ ಪಂಪಿನ ಹೆಸರಾಗಿಯೇ ಪರಿಚಿತ. ಆ ಹೆಸರಿನ ಹಿಂದಿರುವ ಲಕ್ಷ್ಮಣರಾವ್ ಕೀರ್ಲೋಸ್ಕರ್ 1869ರಲ್ಲಿ ಬೆಳಗಾವಿ ಜಿಲ್ಲೆಯ ಗುರ್ಲಹೊಸೂರಿನಲ್ಲಿ ಹುಟ್ಟಿದವರು. ಚಿತ್ರಕಾರನಾಗಬೇಕೆಂದು ಮುಂಬಯಿಯ ಜೆ.ಜೆ. ಕಲಾಶಾಲೆ ಸೇರಿದರೆ ಬಣ್ಣಗಳನ್ನು ಪೂರ್ತಿ ಗುರುತಿಸಲಾರದ ದೃಷ್ಟಿದೋಷ ಅಡ್ಡಬಂದಿತು. ಯಂತ್ರಗಳ ರೇಖಾಚಿತ್ರಕ್ಕೆ ಬಣ್ಣ ಬೇಡವಷ್ಟೆ, ಅದನ್ನೇ ಕಲಿತು ವಿಕ್ಟೋರಿಯಾ ಜೂಬಿಲಿ ತಾಂತ್ರಿಕ ಸಂಸ್ಥೆಯಲ್ಲಿ ಬೋಧಕರಾದರು. 1888ರಲ್ಲಿ ಸೋದರನೊಡನೆ ಬೆಳಗಾವಿಯಲ್ಲಿ ಆರಂಭವಾದ ಸೈಕಲ್ ಅಂಗಡಿಯೇ ಮುಂದಿನ ಉದ್ಯಮದ ಬೀಜ. ಕೊನೆಗೆ ಬೋಧಕ ವೃತ್ತಿಯನ್ನು ಬಿಟ್ಟು ಪೂರ್ಣವಾಗಿ ಕಾರ್ಯಾಗಾರಕ್ಕೆ ಇಳಿದರು. ಮೇವು ಕತ್ತರಿಸುವ ಯಂತ್ರ, ಅನಂತರ ಕಬ್ಬಿಣದ ನೇಗಿಲು. ಕಬ್ಬಿಣ ತಾಗಿದರೆ ಭೂಮಿ ವಿಷವಾಗುತ್ತದೆಂದು ನಂಬಿದ್ದ ರೈತರು ಆ ನೇಗಿಲನ್ನು ಕೊಳ್ಳಲು ವರ್ಷಗಳೇ ಹಿಡಿದವು. 1910ರಲ್ಲಿ ಔಂಧ್ ಸಂಸ್ಥಾನದ ಬರಡು ನೆಲದಲ್ಲಿ ಕೀರ್ಲೋಸ್ಕರವಾಡಿ ತಲೆಯೆತ್ತಿತು. 1946ರಲ್ಲಿ ಬೆಂಗಳೂರಿನಲ್ಲಿ ಮೋಟಾರು ತಯಾರಿಸುವ ಕೀರ್ಲೋಸ್ಕರ್ ಎಲೆಕ್ಟ್ರಿಕ್ ಸ್ಥಾಪನೆಯಾಯಿತು. ಪ್ರತಿ ಸೈಕಲ್ ಅಂಗಡಿಯೂ ಕಾರ್ಖಾನೆಯಾಗದು, ಆಗಬೇಕಾದ್ದೂ ಇಲ್ಲ. ಆದರೆ ದುರಸ್ತಿ ಮಾಡುವವನ ಕಣ್ಣಿಗೆ ಯಂತ್ರದ ದೋಷ ಕಾಣುವಷ್ಟು ಸ್ಪಷ್ಟವಾಗಿ ಅದನ್ನು ಮಾಡಿದವನಿಗೂ ಕಾಣದು ಎಂಬುದು ಗಮನಾರ್ಹ.

ಬಂಡವಾಳ, ಕಾಗದಪತ್ರ, ಕಡ

ಅಂಗಡಿ ತೆರೆಯಲು ಬೇಕಾದ ಸಲಕರಣೆ ಹೆಚ್ಚಲ್ಲ. ಸುತ್ತುವ ಯಂತ್ರ, ಮೆಗ್ಗರ್, ಕ್ಲಾಂಪ್ ಮೀಟರ್, ಗೇಜು ಅಳೆಯುವ ಮೈಕ್ರೋಮೀಟರ್, ತಕ್ಕಡಿ, ಬೇರಿಂಗು ಕಳಚುವ ಪುಲ್ಲರ್, ಮೋಟಾರೆತ್ತುವ ಚೈನ್‌ಬ್ಲಾಕ್. ಹಣ ಹಿಡಿಯುವುದು ದಾಸ್ತಾನಿನ ತಾಮ್ರ. ಬ್ಯಾಂಕಿನಿಂದ 2015ರಲ್ಲಿ ಜಾರಿಗೆ ಬಂದ ಮುದ್ರಾ ಯೋಜನೆಯಲ್ಲಿ ಆಸ್ತಿಯ ಅಡಮಾನವಿಲ್ಲದೆ ಹತ್ತು ಲಕ್ಷ ರೂಪಾಯಿವರೆಗೆ ಸಾಲ ದೊರೆಯುತ್ತದೆ. ಹಿಂದಿನ ಸಾಲವನ್ನು ಸರಿಯಾಗಿ ತೀರಿಸಿದವರಿಗೆ ಈ ಮಿತಿಯನ್ನು 2024ರಲ್ಲಿ ಇಪ್ಪತ್ತು ಲಕ್ಷಕ್ಕೆ ಏರಿಸಲಾಯಿತು. 2008ರಲ್ಲಿ ಆರಂಭವಾದ ಪ್ರಧಾನಮಂತ್ರಿ ಉದ್ಯೋಗ ಸೃಜನ ಕಾರ್ಯಕ್ರಮದಲ್ಲಿ ಸಹಾಯಧನವೂ ಸೇರಿದ್ದು, ಹಳ್ಳಿಯಲ್ಲಿ ಘಟಕ ತೆರೆಯುವವರಿಗೂ ಮಹಿಳೆಯರಿಗೂ ಅದರ ಪ್ರಮಾಣ ಹೆಚ್ಚೆಂದು ನಿಯಮ. 2023ರ ಸೆಪ್ಟೆಂಬರ್ 17ರಂದು ಬಂದ ವಿಶ್ವಕರ್ಮ ಯೋಜನೆಯ 18 ಕಸುಬುಗಳ ಪಟ್ಟಿಯಲ್ಲಿ ಬಡಗಿ, ಕಮ್ಮಾರ, ದರ್ಜಿ, ಶಿಲ್ಪಿ ಮುಂತಾದವರಿದ್ದಾರೆ, ಮೋಟಾರು ಸುತ್ತುವವನಿಲ್ಲ. ಬಾಚಿ, ಉಳಿ ಹಿಡಿದವನು ಕುಶಲಕರ್ಮಿ, ತಾಮ್ರದ ತಂತಿ ಹಿಡಿದವನು ಅಲ್ಲ ಎಂಬ ಎಣಿಕೆ ಏಕೋ ಅರ್ಥವಾಗದು.

ಅಂಗಡಿಯೊಳಗೆ ಸುತ್ತುವುದಕ್ಕೆ ಪರವಾನಗಿ ಬೇಡವಾದರೂ ಹೊಲದಲ್ಲಿ ಹೊಸ ಸಂಪರ್ಕದ ವೈರಿಂಗ್ ಕೆಲಸ ಹಿಡಿಯಬೇಕಾದರೆ ರಾಜ್ಯದ ವಿದ್ಯುತ್ ಪರಿವೀಕ್ಷಣಾಲಯದ ವೈರ್‌ಮನ್ ಪರವಾನಗಿ, ಮುಂದೆ ಗುತ್ತಿಗೆದಾರನ ಪರವಾನಗಿ ಅವಶ್ಯ. ಐ.ಟಿ.ಐ. ಪ್ರಮಾಣಪತ್ರದ ನಿಜವಾದ ಬೆಲೆ ತಿಳಿಯುವುದು ಇಲ್ಲಿಯೇ.

ಎಲ್ಲಕ್ಕಿಂತ ದೊಡ್ಡ ಕಂಟಕ ಕಡ. 'ಕೊಬ್ಬರಿ ಮಾರಿದ ಮೇಲೆ ಕೊಡುತ್ತೇನೆ', 'ಸೊಪ್ಪಿನ ಹರಾಜಾಗಲಿ', 'ಆಲೂಗೆಡ್ಡೆ ಕೀಳಲಿ' – ಪ್ರತಿಯೊಂದೂ ನಿಜವಾದ ಮಾತೇ. ಆದರೆ ತಂತಿಯ ವರ್ತಕ ಕೊಬ್ಬರಿಗಾಗಿ ಕಾಯುವುದಿಲ್ಲ. ಅಂಗಾರಿ ರೋಗ ಬಡಿದ ವರ್ಷ ಆಲೂಗೆಡ್ಡೆಯ ರೈತನಿಂದ ವಸೂಲಿ ಎಲ್ಲಿಂದ? ತಾಮ್ರದ ಹಣವನ್ನು ಮುಂಗಡವಾಗಿ ಪಡೆದು, ಮಜೂರಿಯನ್ನು ಮಾತ್ರ ಫಸಲಿನವರೆಗೆ ಬಿಡುವವನು ಉಳಿಯುತ್ತಾನೆ. ಎರಡನ್ನೂ ಬಿಡುವವನು ಎರಡನೆಯ ಬೇಸಿಗೆಯನ್ನು ಕಾಣುವುದಿಲ್ಲ. ಈ ಲೆಕ್ಕದ ಪುಸ್ತಕವನ್ನು ಮನೆಯ ಹೆಣ್ಣುಮಗಳ ಕೈಗೆ ಕೊಟ್ಟ ಅಂಗಡಿಗಳು ಸಾಮಾನ್ಯವಾಗಿ ನೇರ್ಪಾಗಿ ನಡೆಯುತ್ತವೆ. ನೆಂಟರಿಗೆ, ಓರಗೆಯವರಿಗೆ ಗಂಡಸು 'ಆಗಲಿ ಬಿಡಿ' ಎನ್ನುವ ಕಡೆ ಗೃಹಿಣಿ ತಾರೀಖು ಕೇಳುತ್ತಾಳೆ.

ಹೆಣ್ಣು ಕೊಡುವವರ ಪ್ರಶ್ನೆ

ಇಷ್ಟೆಲ್ಲ ಇದ್ದರೂ ಒಂದು ಮುಳ್ಳು ಉಳಿದಿದೆ. ಅದನ್ನು ನಮ್ಮ ಪತ್ರಿಕೆಯಲ್ಲಿ ಹೇಳದೆ ಇನ್ನೆಲ್ಲಿ ಹೇಳಬೇಕು? ಸ್ವಂತ ಅಂಗಡಿ, ಇಬ್ಬರು ಕೆಲಸಗಾರರು, ಸಾಲವಿಲ್ಲದ ಮನೆ ಇರುವ ಯುವಕನ ಜಾತಕ ಹೋದಾಗ ಹೆಣ್ಣಿನ ಕಡೆಯವರು ಕೇಳುವುದು 'ಹುಡುಗ ಯಾವ ಆಫೀಸಿನಲ್ಲಿದ್ದಾನೆ?' ಎಂದು. 'ಮೋಟಾರು ರಿಪೇರಿ' ಎಂದೊಡನೆ ಮಾತು ಅಲ್ಲಿಗೇ ನಿಲ್ಲುತ್ತದೆ. ಅದೇ ವೇಳೆ ಬೆಂಗಳೂರಿನಲ್ಲಿ ಬಾಡಿಗೆ ಕೋಣೆಯಲ್ಲಿದ್ದು, ವರ್ಷ ವರ್ಷ ಗುತ್ತಿಗೆ ಬದಲಾಗುವ ಕೆಲಸದಲ್ಲಿರುವ ಹುಡುಗನಿಗೆ 'ಕಂಪನಿಯಲ್ಲಿದ್ದಾನೆ' ಎಂಬ ಗೌರವ. ಹನ್ನೆರಡನೆಯ ಶತಮಾನದ ಶರಣರನ್ನು ಮೇದರ ಕೇತಯ್ಯ, ನುಲಿಯ ಚಂದಯ್ಯ, ಅಂಬಿಗರ ಚೌಡಯ್ಯ, ಸೂಜಿಕಾಯಕದ ರಾಮಿತಂದೆ ಎಂದು ಕಸುಬಿನ ಸಮೇತವಾಗಿಯೇ ನೆನೆಯುವ ಸಮಾಜ ನಮ್ಮದು. ಜಯಂತಿಯ ದಿನ ವೇದಿಕೆಯ ಮೇಲೆ ಕಾಯಕದ ಬಗ್ಗೆ ಭಾಷಣ ಮಾಡಿದವರೇ ಸಂಜೆ ಮನೆಯಲ್ಲಿ ಸಂಬಂಧ ಕುದುರಿಸುವಾಗ ಕೈಗೆ ಎಣ್ಣೆ ಮೆತ್ತಿದ ವರನನ್ನು ನಿರಾಕರಿಸುವುದುಂಟು. ಇದರಿಂದಾಗಿ ಮೂವತ್ತು ದಾಟಿದ ಎಷ್ಟೋ ಯುವಕರು ನಡೆಯುತ್ತಿರುವ ಅಂಗಡಿಯನ್ನು ಮುಚ್ಚಿ, ಹೆಣ್ಣು ಸಿಗಲಿ ಎಂಬ ಒಂದೇ ಕಾರಣಕ್ಕೆ ನಗರದ ಬಸ್ಸು ಹತ್ತಿದ್ದಾರೆ. ಊರು ಒಬ್ಬ ವೈಂಡರನ್ನು ಕಳೆದುಕೊಂಡಿತು, ನಗರಕ್ಕೆ ಇನ್ನೊಬ್ಬ ಕಾವಲುಗಾರ ಸಿಕ್ಕಿದ.

ಹೆಣ್ಣುಮಕ್ಕಳೇ ಈ ಕಸುಬಿಗೆ ಬಂದರೆ? ಸುರುಳಿ ಸುತ್ತುವುದು ತಾಳ್ಮೆಯ, ಎಣಿಕೆಯ, ಬೆರಳಿನ ಕೆಲಸ. ಮೋಟಾರು ಎತ್ತುವುದನ್ನು ಚೈನ್‌ಬ್ಲಾಕ್ ಮಾಡುತ್ತದೆ. ಹೊಳೆನರಸೀಪುರದಲ್ಲಿ ಹೆಣ್ಣುಮಕ್ಕಳಿಗಾಗಿಯೇ ಸರ್ಕಾರಿ ಪಾಲಿಟೆಕ್ನಿಕ್ ಇದೆ, ಐ.ಟಿ.ಐ.ಗಳ ಬಾಗಿಲೂ ಅವರಿಗೆ ತೆರೆದಿದೆ. ಫ್ಯಾನು, ಮಿಕ್ಸಿ, ಗ್ರೈಂಡರುಗಳ ಚಿಕ್ಕ ಮೋಟಾರುಗಳನ್ನು ಮನೆಯ ಪಡಸಾಲೆಯಲ್ಲೇ ಕುಳಿತು ಸುತ್ತಬಹುದು. ಇದಕ್ಕೆ ಅಡ್ಡಿಯಿರುವುದು ಶಕ್ತಿಯ ಕೊರತೆಯಲ್ಲ, 'ಅಂಗಡಿಯಲ್ಲಿ ಕೂರುತ್ತಾಳಂತೆ' ಎಂಬ ಮಾತು.

ಮುಂದೇನು?

ಹೊಸ ಪಂಪು ಅಗ್ಗವಾದರೆ ಸುತ್ತಿಸುವವರಾರು ಎಂಬ ಸಂಶಯ ಸಹಜ. ಫ್ಯಾನಿನ ವಿಷಯದಲ್ಲಿ ಅದು ಆಗಲೇ ನಿಜವಾಗಿದೆ. ಬ್ರಶ್ ಇಲ್ಲದ ಡಿ.ಸಿ. ಫ್ಯಾನುಗಳಲ್ಲಿ ಕೆಡುವುದು ಸುರುಳಿಗಿಂತ ಹೆಚ್ಚಾಗಿ ಎಲೆಕ್ಟ್ರಾನಿಕ್ ಫಲಕ. 2019ರಲ್ಲಿ ಬಂದ ಕುಸುಮ್ ಯೋಜನೆಯಿಂದ ಸೌರ ಪಂಪುಗಳು ಹೊಲಕ್ಕೆ ಇಳಿಯುತ್ತಿವೆ. ಅವುಗಳಲ್ಲೂ ಮೋಟಾರು ಇದ್ದೇ ಇದೆ, ಜೊತೆಗೆ ಒಂದು ಕಂಟ್ರೋಲರ್ ಪೆಟ್ಟಿಗೆ. ಆ ಪೆಟ್ಟಿಗೆ ಕೆಟ್ಟಾಗ ಕಂಪನಿಯ ತಂತ್ರಜ್ಞ ಬೆಂಗಳೂರಿನಿಂದ ಬರುವವರೆಗೆ ತೋಟ ಒಣಗಬೇಕಾಗುತ್ತದೆ. ಅದನ್ನು ಬಿಚ್ಚಿ ನೋಡಬಲ್ಲ ಕೈ ಚನ್ನರಾಯಪಟ್ಟಣದಲ್ಲೋ ಅರಕಲಗೂಡಿನಲ್ಲೋ ಇದ್ದರೆ ಅದಕ್ಕೆ ಕೇಳಿದಷ್ಟು ಕೊಡುವ ರೈತರಿದ್ದಾರೆ. ಆದ್ದರಿಂದ ಈಗ ಕಲಿಯಲು ಹೊರಡುವವನು ತಂತಿಯ ಜೊತೆಗೆ ಡ್ರೈವ್, ಕಂಟ್ರೋಲರ್, ಸೆನ್ಸರ್‌ಗಳ ದುರಸ್ತಿಯನ್ನೂ ಸೇರಿಸಿಕೊಳ್ಳಬೇಕು. ಎಸ್.ಎಸ್.ಎಲ್.ಸಿ. ಫಲಿತಾಂಶ ಬಂದ ಬೆನ್ನಿಗೇ ಐ.ಟಿ.ಐ. ಪ್ರವೇಶದ ಪ್ರಕಟಣೆ ಹೊರಬೀಳುತ್ತದೆ. ಅಂಕಪಟ್ಟಿ, ವರ್ಗಾವಣೆ ಪತ್ರ, ಜಾತಿ ಮತ್ತು ಆದಾಯ ಪ್ರಮಾಣಪತ್ರಗಳನ್ನು ಮೊದಲೇ ಸಿದ್ಧಪಡಿಸಿಟ್ಟುಕೊಂಡವರಿಗೆ ಆ ವಾರದಲ್ಲಿ ತಾಲ್ಲೂಕು ಕಚೇರಿಯ ಸಾಲಿನಲ್ಲಿ ನಿಲ್ಲುವ ಪಾಡು ತಪ್ಪುತ್ತದೆ.